ಕಸದ ಬುಟ್ಟಿಯಲ್ಲಿದ್ದ ಅಮ್ಮನ ಸ್ವರ

ಅಮ್ಮನ ಸ್ವರವನ್ನು ಅಳಿಸಿದವಳು ನೀನಲ್ಲ, ಶೈಲಾ. ನಾನು. ಮೊದಲು ಒತ್ತಿದ್ದು ನಿನ್ನ ಬೆರಳು, ನಿಜ. ಆದರೆ ಅದನ್ನು ಸರಿಪಡಿಸುವುದು ನನ್ನ ಕೈಯಲ್ಲಿತ್ತು. ಒಮ್ಮೆ ಸರಿಪಡಿಸಿಯೂ ಆಗಿತ್ತು. ಆಮೇಲೆ ನಾನೇ ಮತ್ತೆ — ಹೌದು, ಮತ್ತೆ ಅಳಿಸಿದೆ. ಗೊತ್ತಿದ್ದೇ ಅಳಿಸಿದೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರಪಡಬೇಡ. ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನಿನ್ನ ಅಣ್ಣನ ಬುದ್ಧಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಅಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಡೊಂಬಿವಲಿಯಲ್ಲಿ, ನಿನ್ನ ಮನೆಯಲ್ಲಿ. ನಾನು ಖಾರಘರದಲ್ಲಿ. ನಡುವೆ ಇದ್ದದ್ದು ಏನು? ಥಾಣೆಯಲ್ಲಿ ಒಮ್ಮೆ ಲೋಕಲ್ ರೈಲುಗಾಡಿ ಬದಲಿಸುವುದು, ಅಷ್ಟೇ. ಊರಿಗೆ ಊರೇ ದಿನವೂ ಬದಲಿಸುವ ಗಾಡಿಯನ್ನು ನಾನೊಬ್ಬ ಬದಲಿಸಲಾರದವನಾಗಿದ್ದೆ. "ಥಾಣೆಯಲ್ಲಿ ಎಂಥ ರಶ್ಶು ಮಾರಾಯ್ತಿ, ಕಾಲಿಡ್ಲಿಕ್ಕೆ ಜಾಗ ಇಲ್ಲ. ಮುಂದಿನ ವಾರ ಬರ್ತೇನೆ" ಎನ್ನುತ್ತಿದ್ದೆ. ಮುಂದಿನ ವಾರವೂ ಥಾಣೆ ಅಲ್ಲೇ ಇರುತ್ತಿತ್ತು.

ನನ್ನ ಉದ್ಯೋಗವೋ — ನಗು ಬಂದರೆ ನಕ್ಕುಬಿಡು. ಮಹಾಪೆಯ ಒಂದು ಕಚೇರಿಯಲ್ಲಿ ಕುಳಿತು ಊರವರ ಫೈಲುಗಳನ್ನು ಜೋಪಾನ ಮಾಡುವುದು, ಕಳೆದುಹೋದದ್ದನ್ನು ಹುಡುಕಿ ಕೊಡುವುದು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತವರಿಗೂ ನಾನು ಉಪದೇಶ ಮಾಡುತ್ತಿದ್ದೆ: ಒಂದೇ ಕಡೆ ಇಟ್ಟದ್ದು ಇಟ್ಟಂತೆಯೇ ಅಲ್ಲ, ಇನ್ನೊಂದು ಕಡೆಯೂ ಇರಬೇಕು. ನಮ್ಮ ಮನೆಯವರ ಫೋನುಗಳಿಗೆಲ್ಲ ನಾನೇ ಒಂದು ಖಾತೆ ಮಾಡಿಕೊಟ್ಟಿದ್ದೆ. ಎಲ್ಲರ ಫೋಟೋ, ವಿಡಿಯೋ, ಮಾತು — ಎಲ್ಲ ಅದರಲ್ಲಿ. ಪಾಸ್‌ವರ್ಡ್ ನನ್ನ ಹತ್ತಿರ. ನಿನ್ನ ಫೋನು ತುಂಬಿದಾಗಲೆಲ್ಲ ಹೇಳುತ್ತಿದ್ದೆ, "ಫೋನಿನಲ್ಲಿ ಇದ್ದರೆಂತ, ಹೋದರೆಂತ? ಮೇಲೆ ಕ್ಲೌಡಲ್ಲಿ ಉಂಟಲ್ಲ!" ಒಂದು ಕಡೆ ಅಳಿಸಿದರೆ ಆ ಖಾತೆಯಿಂದಲೇ ಹೋಗುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಷ್ಟು ಬಿಡಿಸಿ ಹೇಳುವ ವ್ಯವಧಾನ ನನಗೆ ಎಲ್ಲಿತ್ತು?

ಅಮ್ಮನ ಉತ್ತರಕ್ರಿಯೆಯ ದಿನ ನೆಂಟರ ನಡುವೆ ನಿಂತು ನಾನು ಒಂದು ಮಾತು ಹೇಳಿದ್ದೆ — "ಬರ್ಲಿಕ್ಕೆ ಆಗ್ತಿರ್ಲಿಲ್ಲ ನಿಜ, ಆದ್ರೆ ದಿನಾ ಫೋನ್ ಮಾಡ್ತಿದ್ದೆ. ನನ್ನ ಹತ್ರ ಮಾತಾಡದೆ ಅಮ್ಮ ಊಟ ಮಾಡ್ತಿರ್ಲಿಲ್ಲ." ಮಾವಂದಿರು ತಲೆದೂಗಿದರು. ನೀನು ಅಲ್ಲೇ ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ಮುಂದಿನ ಎಲೆಗೆ ಬಡಿಸಲು ಹೋದೆ. ನೀನು ಯಾಕೆ ಸುಮ್ಮನಿದ್ದೆ ಎಂದು ಆಗ ನಾನು ಯೋಚಿಸಲೂ ಇಲ್ಲ.

ವರ್ಷಾಂತಿಕ ಹತ್ತಿರ ಬಂದಾಗ ನೀನು ಹೇಳಿದೆ: ಅಮ್ಮ ಮಾತಾಡಿದ್ದನ್ನು ರೆಕಾರ್ಡ್ ಮಾಡಿಟ್ಟಿದ್ದೇನೆ, ಒಂದು ಭಜನೆಯೂ ಇದೆ, ಅದನ್ನು ಊಟದ ಮೊದಲು ಎಲ್ಲರಿಗೂ ಕೇಳಿಸೋಣ. ಆಗಲಿ ಎಂದೆ. ಆ ವಾರವೇ ನಿನ್ನ ಫೋನು ಮತ್ತೆ ತುಂಬಿತು. 'ಮೇಲೆ ಉಂಟಲ್ಲ' ಎಂಬ ನನ್ನ ಮಾತನ್ನು ನಂಬಿ ನೀನು ಅಮ್ಮನ ಫೋಲ್ಡರನ್ನು ಫೋನಿನಿಂದ ತೆಗೆದೆ. ಮೇಲೆಯೂ ಇಲ್ಲವಾಯಿತು. ನನಗೆ ಕರೆ ಮಾಡಿ ಅತ್ತೆ.

"ಅಳ್ಬೇಡ, ನಾನು ನೋಡ್ತೇನೆ" ಎಂದೆ. ನೋಡಿದೆ. ಖಾತೆಯ ಕಸದ ಬುಟ್ಟಿಯಲ್ಲಿ ಎಲ್ಲವೂ ಇತ್ತು. ಅಳಿಸಿದ್ದನ್ನು ಆ ಬುಟ್ಟಿ ಒಂದು ತಿಂಗಳು ಇಟ್ಟುಕೊಂಡಿರುತ್ತದೆ, ಆಮೇಲೆ ತಾನೇ ಖಾಲಿಯಾಗುತ್ತದೆ. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ಒಂದೇ ಒತ್ತಿಗೆ ಫೋಲ್ಡರ್ ಹಿಂದೆ ಬಂತು. ನೀನು ಒಂದೊಂದಕ್ಕೂ ಹೆಸರಿಟ್ಟಿದ್ದೆ — 'ಅಮ್ಮ ಗಂಜಿ', 'ಅಮ್ಮ ಅರ್ಧ ಇಡ್ಲಿ', 'ಅಮ್ಮ ಮಾತ್ರೆ'. ಇದೆಂಥ ಹೆಸರು ಎಂದುಕೊಂಡು ಒಂದನ್ನು ತೆರೆದೆ.

ಮೊದಲು ನಿನ್ನ ಸ್ವರ. "ತಕೋ ಅಮ್ಮ, ಅಣ್ಣ ಲೈನಲ್ಲಿದ್ದಾನೆ. ಅವನಿಗೆ ಆಫೀಸಲ್ಲಿ ಮಾತಾಡ್ಲಿಕ್ಕೆ ಆಗೂದಿಲ್ಲ, ಬರೀ ಕೇಳ್ತಾನೆ. ನೀನು ಹೇಳು." ಆಮೇಲೆ ಅಮ್ಮ. ಊಟ ಆಯಿತಾ, ಕೆಮ್ಮು ಕಡಿಮೆಯಾಯಿತಾ, ಶೈಲಾಳಿಗೆ ನೀನು ಬೈಯಬೇಡ, ಅವಳು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ... ನಡುನಡುವೆ ಮಾತು ನಿಲ್ಲಿಸಿ ನಮ್ಮ ಮನೆಯ ತುಳುವಿನಲ್ಲಿ ಕೇಳುತ್ತಿದ್ದಳು, "ಮಗಾ, ಉಲ್ಲನಾ?" ಮಗನೇ, ಇದ್ದೀಯಾ ಎಂದು. ಕೇಳಿ ಕಾಯುತ್ತಿದ್ದಳು. ಆಮೇಲೆ ಚಮಚ ಬಟ್ಟಲಿಗೆ ತಾಗುವ ಸದ್ದು.

ನಾನು ಕರೆ ಎತ್ತುತ್ತಿರಲಿಲ್ಲ. ಎತ್ತಿದರೆ "ಮೀಟಿಂಗಲ್ಲಿದ್ದೇನೆ" ಎಂದು ಇಡುತ್ತಿದ್ದೆ. ಮರೆವು ಅಮ್ಮನಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು, ಅಪ್ಪ ತೀರಿಕೊಂಡದ್ದೂ ಅವಳಿಗೆ ನೆನಪಿರಲಿಲ್ಲ. ಆದರೆ ಮಗನ ಫೋನು ಬರಬೇಕು, ಆಮೇಲೆ ಊಟ ಎಂಬುದು ಮಾತ್ರ ಉಳಿದಿತ್ತು. ಅದಕ್ಕೇ ನೀನು ರೆಕಾರ್ಡಿಂಗ್ ಶುರುಮಾಡಿ, ನನ್ನ ಕರೆ ಬಂದಂತೆ ಫೋನನ್ನು ಅವಳ ಕಿವಿಗೆ ಹಿಡಿದೆ. ನನ್ನ ಹೆಸರಿನಲ್ಲಿ ಅವಳಿಗೆ ಅನ್ನ ಉಣ್ಣಿಸಿದೆ. ನಾಲ್ಕೈದು ಕೇಳಿದೆ. ಮಿಕ್ಕದ್ದನ್ನು ಕೇಳುವ ಧೈರ್ಯ ಬರಲಿಲ್ಲ.

ಆಗ ನನಗೆ ಬಂದದ್ದು ಅಳು ಅಲ್ಲ, ಶೈಲಾ. ಹೆದರಿಕೆ. ಮಾವಂದಿರು, ಚಿಕ್ಕಮ್ಮ, ನನ್ನ ಹೆಂಡತಿ — ಎಲ್ಲರೂ ಹಾಲಿನಲ್ಲಿ ಕೂತು ಇದನ್ನು ಕೇಳಿದರೆ? ದಿನಾ ಫೋನ್ ಮಾಡುತ್ತಿದ್ದ ಮಗ ಎಲ್ಲಿಗೆ ಹೋದ ಎಂದು ಯಾರಾದರೂ... ನೀನು ಭಜನೆಯನ್ನಷ್ಟೇ ಹಾಕುತ್ತಿದ್ದೆ ಎಂದು ಈಗ ಗೊತ್ತು. ಆಗಲೂ ಗೊತ್ತಿತ್ತು. ಆದರೂ ಫೋಲ್ಡರನ್ನು ಎತ್ತಿ ಮತ್ತೆ ಬುಟ್ಟಿಗೆ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ವರ್ಷಾಂತಿಕ ಮುಗಿಯಲಿ, ಆಮೇಲೆ ತೆಗೆದುಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ನೀನು ಕೇಳಿದ್ದೆಯಲ್ಲ — "ಅಣ್ಣಾ, ಕಸದ ಬುಟ್ಟಿ ಅಂತ ಇರ್ತದಂತೆ, ಮಗಳು ಹೇಳಿದ್ಳು. ಅಲ್ಲಿ ನೋಡಿದ್ಯಾ?"

"ನೋಡಿದೆ. ಇಲ್ಲ."

ಎರಡೇ ಮಾತು. ಸಾಲದು ಎಂದು ಇನ್ನೊಂದು ಸೇರಿಸಿದೆ: "ನೀವ್ಯಾರೂ ಅದನ್ನು ಮುಟ್ಬೇಡಿ. ನೀನು ಮುಟ್ಟಿದ್ರೆ ಇದ್ದದ್ದೂ ಹೋಗ್ತದೆ." ಎಲ್ಲಿ ನೀನು ಹುಡುಕಿ ಕಂಡುಬಿಡುತ್ತೀಯೋ ಎಂದು ಖಾತೆಯನ್ನೇ ನಿನ್ನ ಫೋನಿನಿಂದ ತೆಗೆದುಹಾಕಿದೆ. ಕಂಪನಿಗೆ ಬರೆದಿದ್ದೇನೆ, ಉತ್ತರ ಬರಲಿ ಎಂದೆ. ಯಾರಿಗೂ ಬರೆದಿರಲಿಲ್ಲ. ನೀನು ದಿನವೂ ಕೇಳುತ್ತಿದ್ದೆ, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ಕೇಳುವುದನ್ನು ಬಿಟ್ಟೆ.

ವರ್ಷಾಂತಿಕ ಮುಗಿಯಿತು. ನಾನು ತೆಗೆಯಲಿಲ್ಲ. ಮರೆತೆ ಎಂದು ಬರೆದರೆ ಯಾರೂ ಅಲ್ಲಗಳೆಯಲಾರರು, ಆದರೆ ಮರೆತಿರಲಿಲ್ಲ. ಆಗಾಗ ಬುಟ್ಟಿಯನ್ನು ತೆರೆದು ನೋಡುತ್ತಿದ್ದೆ. ಇದೆ. ಮುಚ್ಚುತ್ತಿದ್ದೆ. ಒಂದು ಬೆಳಿಗ್ಗೆ ಕಚೇರಿಗೆ ಹೋಗುವ ಗಾಡಿಯಲ್ಲಿ, ಬಾಗಿಲ ಬಳಿ ಜನರ ನಡುವೆ ನಿಂತು ತೆರೆದೆ. ಖಾಲಿ. ಬಚಾವಾದೆ ಅನಿಸಿತು — ಹೌದು, ಮೊದಲು ಅನಿಸಿದ್ದು ಅದೇ. ನಾನೇನೂ ಮಾಡಲಿಲ್ಲವಲ್ಲ, ತಾನಾಗಿ ಹೋಯಿತಲ್ಲ ಎಂದು. ಕಚೇರಿಯಲ್ಲಿ ಆ ದಿನ ಯಾರದೋ ಮಗುವಿನ ನಾಮಕರಣದ ವಿಡಿಯೋ ಹುಡುಕಿಕೊಟ್ಟು ಶಾಭಾಸ್ ಅನಿಸಿಕೊಂಡೆ.

ಆಮೇಲಿನ ವರ್ಷಗಳನ್ನು ನೀನು ಹೇಗೆ ಕಳೆದೆ ಎಂದು ನೋಡಿದ್ದೇನೆ. ಫೋನು ಮುಟ್ಟಲು ಹೆದರಿದೆ. ಒಂದು ಫೋಟೋ ತೆಗೆಯಬೇಕಾದರೂ ಮಗಳು ಋತುಜಾಳನ್ನು ಕರೆದೆ. "ನನ್ನ ಕೈ ಸರಿ ಇಲ್ಲ" ಎನ್ನುವುದು ನಿನ್ನ ಬಾಯಿಪಾಠವಾಯಿತು. ಮನೆಯಲ್ಲಿ ಅದೇ ಒಂದು ತಮಾಷೆಯೂ ಆಯಿತು. ಯಾರಾದರೂ ನಿನಗೆ ಫೋನು ಕೊಡಲು ಹೋದರೆ ಋತುಜಾ ಕೂಗುತ್ತಾಳೆ, "ಮಮ್ಮೀ ಕೋ ಮತ್ ದೋ, ಡಿಲೀಟ್ ಕರ್ ದೇಗೀ!" ಮಮ್ಮಿಗೆ ಕೊಡಬೇಡಿ, ಅಳಿಸಿಬಿಡುತ್ತಾಳೆ ಎಂದು. ಅವಳಿಗೇನು ಗೊತ್ತು, ಮಗು. ಭಾವ ನಗುತ್ತಾರೆ. ನೀನೂ ನಗುತ್ತೀ, ಮುಖ ಆ ಕಡೆ ತಿರುಗಿಸಿ. ಮತ್ತೆ ನಾನು — ನಾನೂ ನಕ್ಕಿದ್ದೇನೆ. ಎಲ್ಲರಿಗಿಂತ ಜೋರಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವಷ್ಟು ದಡ್ಡನೂ ನಾನಲ್ಲ.

ಇಷ್ಟಾದರೂ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಈ ಸಲದ ಶ್ರಾದ್ಧದ ದಿನ, ಎಲೆ ಎತ್ತಿದ ಮೇಲೆ, ನೀನು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದೆ. ಸೆರಗಿನಲ್ಲಿ ಕೈ ಒರೆಸುತ್ತಾ ಹೇಳಿದೆ: "ಅಣ್ಣಾ, ನೀನು ಒಂದು ಸಲವೂ ನಂಗೆ ಬೈಲಿಲ್ಲ. ಅಮ್ಮ ಮಾತಾಡಿದ್ದೆಲ್ಲ ನಿನ್ನ ಹತ್ರ, ಗೊತ್ತುಂಟಾ? ನಿಂಗೆ ಕೇಳ್ಸದೆಯೇ ನಾನು ಅಳಿಸಿಬಿಟ್ಟೆ. ನನ್ನನ್ನು ಕ್ಷಮಿಸ್ತೀಯಾ?"

ನಾನು ನಿನ್ನ ತಲೆಯ ಮೇಲೆ ಕೈಯಿಟ್ಟೆ. ಈ ಕೈಯನ್ನೇ. "ಬಿಡು ಶೈಲಾ, ಯಾರ ಕೈಯಿಂದಲೂ ಆಗ್ತದೆ" ಎಂದೆ.

ಕ್ಷಮಿಸಿದೆ! ನಾನು ನಿನ್ನನ್ನು ಕ್ಷಮಿಸಿದೆ. ನೀನು ಕಣ್ಣೊರೆಸಿಕೊಂಡು ನನಗೆ ಉದ್ದಿನ ವಡೆ ಕಟ್ಟಿಕೊಟ್ಟೆ. ಆ ಡಬ್ಬಿ ಹಿಡಿದುಕೊಂಡು ಥಾಣೆಯಲ್ಲಿ ಗಾಡಿ ಬದಲಿಸಿದೆ, ರಶ್ಶೇನೂ ಇರಲಿಲ್ಲ. ಮನೆಗೆ ಬಂದು ತಿಂದೆ. ವಡೆ ಚೆನ್ನಾಗಿತ್ತು.

ಬರುವ ಭಾನುವಾರ ಬರುತ್ತೇನೆ. ಇಲ್ಲಿ ಬರೆದದ್ದನ್ನು ಭಾವನ ಎದುರು, ಋತುಜಾಳ ಎದುರು ಬಾಯಿಬಿಟ್ಟು ಹೇಳುತ್ತೇನೆ. ಆ ಹುಡುಗಿ ಇನ್ನು ಆ ತಮಾಷೆ ಮಾಡಬಾರದು. ಮಾವಂದಿರಿಗೂ ಹೇಳುತ್ತೇನೆ. ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಆ ಮಾತನ್ನು ನಿನ್ನ ಬಾಯಿಂದ ಕೇಳಿಸಿಕೊಂಡು ಬಂದವನಿಗೆ ಅದನ್ನು ಆಡುವ ಯೋಗ್ಯತೆ ಇಲ್ಲ. ನನ್ನ ಹತ್ತಿರ ನಿನಗೆ ಕೊಡಲು ಉಳಿದದ್ದು ಆ ನಾಲ್ಕೈದು ರೆಕಾರ್ಡಿಂಗಿನಲ್ಲಿ ಕೇಳಿದ್ದು ಮಾತ್ರ. ಅದರ ಒಂದಕ್ಷರವೂ ನನಗೆ ಮರೆಯುತ್ತಿಲ್ಲ, ಬೇಕೆಂದರೂ.

ಅದರಲ್ಲಿ ಒಂದನ್ನು ಮೇಲೆ ಬರೆಯದೆ ಬಿಟ್ಟೆ. ಅಮ್ಮ "ಮಗಾ, ಉಲ್ಲನಾ?" ಎಂದು ಕೇಳಿ ಕಾಯುತ್ತಿದ್ದಳಲ್ಲ, ಅಲ್ಲಿ ಸುಮ್ಮನೆ ಮೌನ ಇರಲಿಲ್ಲ. ಅಲ್ಲಿ ಪ್ರತಿ ಸಲವೂ ನೀನು ಮೆಲ್ಲಗೆ ಹೇಳುತ್ತಿದ್ದೆ — "ಇದ್ದಾನೆ ಅಮ್ಮ, ಇದ್ದಾನೆ. ಬಾಯಿ ತೆರಿ."

ನಾನು ಅಳಿಸಿದ್ದರಲ್ಲಿ ಅದೂ ಇತ್ತು.