ಬಾರ್ಲಿ ನೀರಿನ ಬುಧವಾರ

ನನ್ನ ತಮ್ಮನಿಗೆ ಜೈಲಿನ ಬದಲು ಚಿಕಿತ್ಸೆ ಕೊಡಿಸಿ ಎಂದು ಕೋರ್ಟು ಹೇಳಿದ ದಿನ ನಾನು ಖುಷಿಯಿಂದ ಅತ್ತಿದ್ದೆ. ಆ ಖುಷಿ ಮುಂದೆ ನನ್ನ ಎಷ್ಟು ಬುಧವಾರಗಳನ್ನು ನುಂಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅವನು ದುಬೈಯ ದೇರಾದಲ್ಲಿ ಸಗಟು ಅಂಗಡಿಯೊಂದರ ಗೋಡೌನ್ ನೋಡಿಕೊಳ್ಳುತ್ತಿದ್ದ. ಒಮ್ಮೆ ಪೆಟ್ಟಿಗೆ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ರೂಮಿನಲ್ಲಿ ಜೊತೆಗಿದ್ದವನೊಬ್ಬ ನೋವಿನ ಮಾತ್ರೆ ಕೊಟ್ಟ. ಬೆನ್ನು ಬಿಟ್ಟಿತು, ಮಾತ್ರೆ ಬಿಡಲಿಲ್ಲ. ಡಾಕ್ಟರ ಚೀಟಿಯಿಲ್ಲದ ಆ ಅಮಲಿನ ಮಾತ್ರೆಗಳು ಜೇಬಿನಲ್ಲಿದ್ದಾಗಲೇ ಪೊಲೀಸರಿಗೆ ಸಿಕ್ಕಿಬಿದ್ದ. ಮೊದಲ ತಪ್ಪು ಎಂದು ಚಿಕಿತ್ಸಾ ಕೇಂದ್ರಕ್ಕೆ ಕಳಿಸಿದರು. ಕೆಲವು ತಿಂಗಳು ಅಲ್ಲಿದ್ದು, ಆಮೇಲೆ ನನ್ನ ಜವಾಬ್ದಾರಿಯಲ್ಲಿ ನನ್ನ ಮನೆಗೆ ಬಂದ. ಪ್ರತಿ ಬುಧವಾರ ಬೆಳಿಗ್ಗೆ ಮೂತ್ರ ಪರೀಕ್ಷೆ, ಅದು ಮುಗಿದ ಮೇಲೆ ಅವನ ಫೈಲು ನೋಡುವ ಆಫೀಸರಮ್ಮನ ಎದುರು ಕೂತು ವಾರವಿಡೀ ಏನು ಮಾಡಿದೆ ಎಂಬ ವರದಿ. ಕೊನೆಯವರೆಗೂ ಸರಿಯಾಗಿ ಬಂದರೆ ಫೈಲು ಮುಚ್ಚುತ್ತಾರೆ. ಎಡವಿದರೆ ಜೈಲು, ಅದು ಮುಗಿದರೆ ಗಡೀಪಾರು.

ಅಲ್ ಬರ್ಷಾದಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಮನೆ. ಹಾಲ್‌ನ ಸೋಫಾ ಅವನದಾಯಿತು. ಗಂಡ ಅಬುಧಾಬಿಯಲ್ಲಿ ಕೆಲಸ ಮಾಡುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಬುಧವಾರದ ಎರಡು ಗಂಟೆಯ ಪರ್ಮಿಷನ್ನಿಗೆ ಆಫೀಸಿನಲ್ಲಿ ತಮ್ಮನ ಫಿಸಿಯೋಥೆರಪಿ ಎಂದು ಹೇಳಿದ್ದೆ. ಊರಿನವರು ಯಾರಾದರೂ ಸಿಕ್ಕಿ ಕೇಳಿದರೂ ಅದೇ ಉತ್ತರ. ಹೇಳಿ ಹೇಳಿ ಕೊನೆಗೆ ನನ್ನ ಬೆನ್ನೇ ನೋಯತೊಡಗಿತ್ತು. ಅವನು ಬಾತ್‌ರೂಮಿನಲ್ಲಿ ಹೆಚ್ಚು ಹೊತ್ತಿದ್ದರೆ ಕಿವಿಗೊಡುವುದು, ಮಾತಾಡಿಸುವ ನೆಪದಲ್ಲಿ ಕಣ್ಣು ನೋಡುವುದು ನನಗೆ ರೂಢಿಯಾಗಿಬಿಟ್ಟಿತ್ತು. ಪ್ರೀತಿಯೋ ಪೊಲೀಸ್ ಕೆಲಸವೋ ನನಗೇ ತಿಳಿಯುತ್ತಿರಲಿಲ್ಲ. ಸುಸ್ತಾಗಿತ್ತು, ಅಷ್ಟು ಮಾತ್ರ ಗೊತ್ತು.

ಒಂದು ಮಂಗಳವಾರ ಅವನು ಎರಡು ಗಂಟೆ ತಡವಾಗಿ ಬಂದ. ಆಗ ದೇರಾದ ಎದುರು ದಡದಲ್ಲಿರುವ ಬರ್ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಷ್ಟು ಹೊತ್ತೂ ಫೋನ್ ಆಫ್. ಕಣ್ಣು ಕೆಂಪಾಗಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಎಲ್ಲಿಗೆ ಹೋಗಿದ್ದೆ ಮಾರಾಯ?"

"ಎಲ್ಲಿಗೂ ಇಲ್ಲ ಅಕ್ಕ. ಸುಮ್ಮನೆ."

ಅವನು ಸ್ನಾನಕ್ಕೆ ಹೋದಾಗ ಜೇಬು, ಬ್ಯಾಗು, ಸೋಫಾದ ಸಂದಿ ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಸಮಾಧಾನವಾಗಬೇಕಿತ್ತು. ನನಗೆ ಮಾತ್ರ, ಈ ಸಲ ಚೆನ್ನಾಗಿ ಅಡಗಿಸಿದ್ದಾನೆ ಅನ್ನಿಸಿತು.

ಬೆಳಿಗ್ಗೆ ಎದ್ದವಳೇ ದೊಡ್ಡ ಪಾತ್ರೆಯಲ್ಲಿ ಬಾರ್ಲಿ ಬೇಯಿಸಿದೆ. ಊರಿನಲ್ಲಿ ನಮಗೆ ಉರಿಮೂತ್ರವಾದಾಗ ಅಮ್ಮ ಕೊಡುತ್ತಿದ್ದ ಮದ್ದು ಅದು. ಒಳಗಿರುವುದನ್ನೆಲ್ಲ ತೊಳೆದು ಹಾಕುತ್ತದೆ ಎನ್ನುತ್ತಿದ್ದಳು. ಪರೀಕ್ಷೆಗೆ ಮುಂಚೆ ಹೆಚ್ಚು ನೀರು ಕುಡಿಯಬಾರದು ಎಂದು ಕೇಂದ್ರದವರು ಮೊದಲ ದಿನವೇ ನಮ್ಮಿಬ್ಬರಿಗೂ ಹೇಳಿದ್ದರು. ಆದರೆ ನನ್ನ ಲೆಕ್ಕದಲ್ಲಿ ಬಾರ್ಲಿ ನೀರು ನೀರಲ್ಲ, ಮದ್ದು. ಇಪ್ಪತ್ತು ವರ್ಷ ಆಫೀಸಿನಲ್ಲಿ ಕೂತು ಕೆಲಸ ಮಾಡಿದವಳ ಬುದ್ಧಿ ಅಷ್ಟು.

"ಕುಡಿ, ನಿನಗೆ ಉಷ್ಣ ಆಗಿದೆ. ಕಣ್ಣು ನೋಡು ಹೇಗುಂಟು."

ಅವನು ನನ್ನ ಮುಖ ನೋಡಿದ, ಪಾತ್ರೆ ನೋಡಿದ. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ. ಉಳಿದದ್ದನ್ನು ಎರಡು ಬಾಟಲಿಗೆ ತುಂಬಿಸಿ ಕಾರಿನಲ್ಲಿ ಕೊಟ್ಟೆ. ಅದನ್ನೂ ಖಾಲಿ ಮಾಡಿದ.

ಅವನು ಸ್ಯಾಂಪಲ್ ಕೊಟ್ಟ ಅರ್ಧ ಗಂಟೆಯಲ್ಲಿ ನಮ್ಮಿಬ್ಬರನ್ನೂ ಒಳಗೆ ಕರೆದರು. ಆಫೀಸರಮ್ಮ ಗದರುವವರಲ್ಲ. ಅವತ್ತು ಮಾತ್ರ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಸ್ಯಾಂಪಲ್ ಬರೀ ನೀರಿನ ಹಾಗಿದೆ, ಇದನ್ನು ನಾವು ಮೋಸ ಎಂದೇ ಬರೆಯಬೇಕಾಗುತ್ತದೆ, ಇದು ಕೋರ್ಟಿಗೆ ಹೋಗುತ್ತದೆ, ಯಾಕೆ ಹೀಗೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬಾಯಿ ತೆರೆದೆ. ಮೋಸ ಎಂಬ ಮಾತು ಕೇಳಿ ನನ್ನ ವೀಸಾ, ನನ್ನ ಕೆಲಸ, ಗಂಡನ ಮುಖ ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಬಾಯಿ ಮುಚ್ಚಿದೆ.

"ಬಾಯಾರಿಕೆ ಆಗಿತ್ತು ಮೇಡಂ, ನಾನೇ ಕುಡಿದೆ," ಎಂದ ಅವನು. "ನಾಳೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಬೇಕಾದರೆ ರಕ್ತ ತೆಗೆಯಿರಿ."

ಅವತ್ತೇ ರಕ್ತ ತೆಗೆದರು, ಮರುದಿನ ಮತ್ತೆ ಮೂತ್ರ. ಎರಡರಲ್ಲೂ ಏನೂ ಇರಲಿಲ್ಲ. ಜೈಲು ತಪ್ಪಿತು. ಆದರೆ ನಿಯಮ ಮುರಿದದ್ದು ಹೌದಲ್ಲ. ಬುಧವಾರದ ಪರೀಕ್ಷೆಗೆ ಮೂರು ತಿಂಗಳು ಹೆಚ್ಚು ಹಾಕಿದರು. ಆಫೀಸರಮ್ಮ ಫೈಲು ಬದಿಗಿಟ್ಟು, "ಖಲಾಸ್, ಇನ್ನೊಮ್ಮೆ ಬೇಡ," ಎಂದರು. ಹಾಗೆನ್ನುವಾಗ ಯಾಕೋ ನನ್ನ ಕಡೆ ನೋಡಿದರು.

ಕಾರು ಹತ್ತಿ ಮನೆ ಕಡೆ ಹೊರಟೆವು. ಸಿಗ್ನಲ್‌ನಲ್ಲಿ ನಿಂತಾಗ ಅವನೇ ಶುರುಮಾಡಿದ.

"ಮಂಗಳವಾರ ದೇರಾದ ಆ ಹಳೇ ರೂಮಿನವ ಫೋನ್ ಮಾಡಿದ್ದ ಅಕ್ಕ. ಮಾತ್ರೆ ಉಂಟು, ಬಾ ಅಂದ. ನಾನು ಫೋನ್ ಆಫ್ ಮಾಡಿ ಅಬ್ರಾ ದೋಣಿ ಹತ್ತಿದೆ. ದೇರಾ ದಡ ಬಂತು. ಇಳಿಯಲಿಲ್ಲ, ಅದೇ ದೋಣಿಯಲ್ಲಿ ವಾಪಸ್ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಆಸೆ ಬಂದಾಗ ಸ್ವಲ್ಪ ಹೊತ್ತು ದೂಡು, ತಾನಾಗಿ ಹೋಗ್ತದೆ ಅಂತ ಸೆಂಟರಿನಲ್ಲಿ ಹೇಳಿಕೊಟ್ಟಿದ್ದಾರಲ್ಲ. ಆರು ಸಲ ದಾಟಿದೆ. ಆಮೇಲೆ ಹೋಯ್ತು."

"ಅದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೀನು ನಂಬ್ತಿದ್ಯಾ?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಗೇರು ಹಾಕಿ ಮುಂದೆ ಹೋದೆ. ಸ್ವಲ್ಪ ಮುಂದೆ ಹೋದ ಮೇಲೆ, ಬಾರ್ಲಿ ನೀರು ಕುಡಿದರೆ ಹೀಗಾಗುತ್ತದೆ ಎಂದು ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳಿದೆ. ಆಗಲೂ ನನ್ನ ದನಿಯಲ್ಲಿ ಸಿಟ್ಟೇ ಇತ್ತು, ನಾಚಿಕೆಗೇಡು.

"ಗೊತ್ತಿತ್ತು ಅಕ್ಕ," ಎಂದು ಅವನು ಕಿಟಕಿಯ ಹೊರಗೆ ನೋಡಿದ. "ಆದ್ರೆ ಬೇಡ ಅಂದಿದ್ರೆ, ಇವ ಮಾತ್ರೆ ತಿಂದಿದ್ದಾನೆ, ಅದರ ಅಮಲಿನಲ್ಲೇ ಹಟ ಮಾಡ್ತಾನೆ ಅಂತ ನೀನು ತಿಳ್ಕೊಳ್ತಿದ್ದೆ. ಅದಕ್ಕಿಂತ ಕುಡಿಯುವುದೇ ಸುಲಭ ಅನ್ನಿಸ್ತು."