ಟೈರಿನವನ ಮನೆ ಕಾರಿಗೆ ಯಾವ ಟೈರು?

ಅಂಗಡಿಯವನು ಮೊದಲು ನೋಡಿದ್ದು ನಮ್ಮ ಸವೆದ ಟೈರುಗಳನ್ನಲ್ಲ. ಕಾರಿನ ಹಿಂದೆ ಅಂಟಿಸಿದ್ದ ಹಸಿರು ‘ಪಿ’ ಅಕ್ಷರವನ್ನು.

‘ಮನೆಯಲ್ಲಿ ಯಾರಾದ್ರೂ ಹೊಸದಾಗಿ ಓಡಿಸ್ತಿದ್ದಾರಾ?’ ಎಂದು ಹಿಂದಿಯಲ್ಲಿ ಕೇಳಿದ.

‘ಮಗಳು. ಈಗಷ್ಟೇ ಟೆಸ್ಟ್ ಪಾಸಾಗಿದ್ದಾಳೆ. ಶನಿವಾರ ಬೆಳಗಿನ ಜಾವ ಏರ್‌ಪೋರ್ಟ್ ಕೆಫೆಗೆ ಕೆಲಸಕ್ಕೆ ಹೋಗ್ತಾಳೆ’ ಎಂದು ನನ್ನ ಗಂಡ ಶ್ರೀಧರ ಎಲ್ಲವನ್ನೂ ಒಪ್ಪಿಸಿಬಿಟ್ಟರು. (ಇವರಿಗೆ ಅಂಗಡಿಯವರೆಲ್ಲ ಬಂಧುಗಳೇ.)

ಅವನ ಮುಖ ತಕ್ಷಣ ಗಂಭೀರವಾಯಿತು. ‘ಹಾಗಾದರೆ ವಿಂಟರ್ ಟೈರೇ ಹಾಕಿಸಿ. ಮಗಳ ವಿಷಯದಲ್ಲಿ ರಿಸ್ಕ್ ಯಾಕೆ?’

ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಟೈರಿನ ಮಾತು ಬಿಟ್ಟು ಮಗಳ ಮಾತು ತೆಗೆದ ಮೇಲೆ ಯಾವ ತಾಯಿ ಬೇಡ ಅಂದಾಳು? ಅದು ಅವನಿಗೆ ಗೊತ್ತಿಲ್ಲವೇ?

ವಿಂಟರ್ ಟೈರಿನ ರಬ್ಬರ್ ಮೆತ್ತಗಂತೆ, ಕೊರೆಯುವ ಚಳಿಯಲ್ಲೂ ರಸ್ತೆಯನ್ನು ಹಿಡಿಯುತ್ತದಂತೆ. ಸರಿ. ಆದರೆ ಬೇಸಿಗೆ ಬಂದರೆ ಬಿಚ್ಚಬೇಕು. ಬಿಚ್ಚಿದ್ದನ್ನು ಇಡುವುದೆಲ್ಲಿ? ‘ನಮ್ಮಲ್ಲೇ ಇಡಬಹುದು, ಅದಕ್ಕೊಂದು ಸ್ಕೀಮ್ ಇದೆ’ ಎಂದ. ಇರಲೇಬೇಕಲ್ಲ. ಆಲ್-ಸೀಸನ್ ಟೈರಾದರೆ ವರ್ಷವಿಡೀ ಹಾಗೇ ಇರುತ್ತದೆ, ಯಾರೂ ಏನೂ ಬಿಚ್ಚಬೇಕಿಲ್ಲ. ಅದರ ಬಗ್ಗೆ ಅವನು ಬಾಯಿ ಬಿಡಲಿಲ್ಲ.

‘ಅಲ್ಲ ಕಣೇ, ಅವ್ನು ದಿನಾ ಟೈರ್ ನೋಡೋನು. ಅವ್ನಿಗಿಂತ ನಿಂಗೆ ಜಾಸ್ತಿ ಗೊತ್ತಾ?’ ಎಂದು ಶ್ರೀಧರ ಕಿವಿಯಲ್ಲಿ ಪಿಸುಗುಟ್ಟಿದರು.

‘ಅವ್ನಿಗೆ ಜಾಸ್ತಿ ಗೊತ್ತು ಅಂತ್ಲೇ ನಂಗೆ ಅನುಮಾನ.’

ನಾವಿರುವುದು ಲಂಡನ್ನಿನ ಹೌನ್ಸ್ಲೋದಲ್ಲಿ. ಇಲ್ಲಿ ಹಿಮ ಬಿದ್ದರೆ ಫೋಟೋ ತೆಗೆಯುವಷ್ಟು ಹೊತ್ತು ನಿಲ್ಲುತ್ತದೆ. ಉಳಿದಂತೆ ಚಳಿಗಾಲವೆಂದರೆ ಜಿಟಿಜಿಟಿ ಮಳೆ. ಅಷ್ಟಕ್ಕೆ ಹಿಮಪರ್ವತ ಹತ್ತುವ ಸಿದ್ಧತೆಯೇ?

ಕೊನೆಗೆ ನೇರವಾಗಿ ಕೇಳಿದೆ. ‘ನಿಮ್ಮ ಮನೆ ಕಾರಿಗೆ ಯಾವ ಟೈರ್ ಹಾಕಿದ್ದೀರಿ?’

‘ಆಲ್-ಸೀಸನ್’ ಎಂದ.

‘ಯಾಕೆ?’

‘ಲಂಡನ್ನಿನಲ್ಲೇ ತಾನೇ ಓಡಾಡೋದು.’

‘ನಾವೆಲ್ಲಿ ಓಡಾಡ್ತೀವಿ ಅಂದ್ಕೊಂಡ್ರಿ?’

ಅವನು ನಕ್ಕುಬಿಟ್ಟ. ಶ್ರೀಧರ ಮಾತ್ರ ಪಕ್ಕದಲ್ಲಿದ್ದ ಆಯಿಲ್ ಡಬ್ಬವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಆಲ್-ಸೀಸನ್ ಹಾಕಿಸಿದೆವು. ಹಾಕಿಸಿದ ಮೇಲೂ ನನಗೆ ಸಮಾಧಾನವಿಲ್ಲ. ಸ್ಟಾಕ್ ಖಾಲಿ ಮಾಡಲೆಂದೇ ತನ್ನ ಕಾರಿಗೂ ಅದೇ ಎಂದನೇ? ಚಳಿಗೂ ಆಗುವ ಟೈರಾದರೆ ಅದರ ಪಕ್ಕೆಯಲ್ಲಿ ಬೆಟ್ಟದ ಚಿತ್ರದೊಳಗೊಂದು ಹಿಮದ ಹರಳಿನ ಗುರುತು ಇರಬೇಕಂತೆ. ನಾಲ್ಕೂ ಟೈರಿನ ಮುಂದೆ ಕೂತು, ಮೊಬೈಲ್ ಬೆಳಕು ಬಿಟ್ಟು ಹುಡುಕಿದೆ. ಇತ್ತು. ‘ಅಮ್ಮ, ಯೂ ಟ್ರಸ್ಟ್ ನೋಬಡಿ’ ಎಂದಳು ಮಗಳು ಸಿಂಧು.

ಕಳೆದ ಶನಿವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಬೀದಿಯೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ಕಾರು ಮನೆ ಮುಂದೆಯೇ ಇದೆ. ಮಗಳ ಹಾಸಿಗೆ ಖಾಲಿ.

ಫೋನ್ ಮಾಡಿದೆ. ಎತ್ತಲಿಲ್ಲ.

‘ಬಸ್ಸಲ್ಲಿ ಹೋಗಿರ್ತಾಳೆ ಬಿಡು’ ಎಂದರು ಶ್ರೀಧರ.

‘ಹೊಸ ಲೈಸೆನ್ಸ್ ಬಂದಿರೋಳು ಕಾರ್ ಬಿಟ್ಟು ಬಸ್ಸಲ್ಲಿ ಹೋಗ್ತಾಳಾ? ಯಾರೋ ಬಂದು ಕರ್ಕೊಂಡ್ ಹೋಗಿದಾರೆ.’ (ಈಚೆಗೆ ಅವಳು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡುವುದು ಹೆಚ್ಚಾಗಿತ್ತು. ತಾಯಂದಿರಿಗೆ ಇಷ್ಟು ಸಾಕು.)

ಚಪ್ಪಲಿಯಲ್ಲೇ ಹೊರಗೆ ಓಡಿದೆ. ಎರಡನೇ ಹೆಜ್ಜೆಗೇ ಕಾಲು ಜಾರಿ ಕಾರಿನ ಬಾನೆಟ್ ಹಿಡಿದುಕೊಂಡೆ. ಆಗ ಗಮನಿಸಿದೆ. ಮುಂದಿನ ಗಾಜನ್ನು ಕೆರೆದು ಚೊಕ್ಕ ಮಾಡಿದ್ದಾಳೆ. ಕಾರು ರಾತ್ರಿ ನಿಲ್ಲಿಸಿದ್ದಂತೆ ಇಲ್ಲ, ಸೊಟ್ಟಗೆ ನಿಂತಿದೆ. ತಿರುವಿನವರೆಗೆ ಹೋಗಿ ಬಂದ ಚಕ್ರದ ಗುರುತು. ತಿರುವಿನಲ್ಲಿ ಆ ಗುರುತು ಅಡ್ಡಕ್ಕೆ ಎಳೆದುಕೊಂಡು ಹೋಗಿದೆ.

ಅಷ್ಟರಲ್ಲಿ ಅವಳದೇ ಫೋನ್.

‘ಅಮ್ಮ, ಐ ಟ್ರೈಡ್. ಕಾರ್ನರ್‌ನಲ್ಲಿ ಸೈಡಿಗೆ ಹೋಯ್ತು. ಸೋ ಮೆಲ್ಲಗೆ ರಿವರ್ಸ್ ಮಾಡಿ ಪಾರ್ಕ್ ಮಾಡಿದೆ. ಮೇನ್ ರೋಡಿಗೆ ಉಪ್ಪು ಹಾಕಿ ಕರಗಿಸಿದ್ದಾರೆ, ಬಸ್ ಓಡ್ತಿದೆ. ಐಯಾಮ್ ಆನ್ ದ ಬಸ್.’

‘ಹೊಸ ಟೈರ್ ಇದ್ರೂ ಜಾರ್ತಾ?’

‘ಅಮ್ಮ. ಇಟ್ಸ್ ಐಸ್.’

‘ಜೊತೆಗೆ ಯಾರಿದ್ದಾರೆ?’

ಅವಳು ಫೋನನ್ನು ಮೇಲಕ್ಕೆ ಹಿಡಿದಿರಬೇಕು. ಮುಂದಿನ ಸ್ಟಾಪಿನ ಹೆಸರು ಹೇಳುವ ಬಸ್ಸಿನ ಹೆಣ್ಣುದನಿ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಬಂದು ಶ್ರೀಧರರಿಗೆ ಹೇಳಿದೆ. ‘ನಾನಾಗಿದ್ರೆ ಹೊಸ ಟೈರ್ ಇದೆಯಲ್ಲ ಅಂತ ಮುಂದಕ್ಕೇ ಹೋಗ್ತಿದ್ದೆ’ ಎಂದರು. ನಾನೂ ಅಷ್ಟೇ.

ಗಾಡಿ ಜಾರಿದ ಕೂಡಲೇ ಇಳಿದು ಬಸ್ ಹತ್ತುವ ಬುದ್ಧಿಯನ್ನು ಯಾವ ಅಂಗಡಿಯವನು ಮಾರುತ್ತಾನೆ, ಹೇಳಿ?