ಕಿಡ್ನಿ ಮಾರಿಕೊಳ್ಳದ ನಂಜೇಗೌಡ

ನಂಜೇಗೌಡ ಇನ್ನಿಲ್ಲವಂತೆ...

ಬೆಳಿಗ್ಗೆ ಅವನ ತಂಗಿ ಪದ್ಮ ಫೋನ್ ಮಾಡಿ ಹೇಳಿದಾಗ "ಯಾವ ನಂಜೇಗೌಡ?" ಅಂತ ಕೇಳಿದೆ.
ಬೇರೆ ಯಾರೋ ಆಗಿರಲಿ ಅನ್ನುವ ಆಸೆ, ಅಷ್ಟೇ...

ಮೊನ್ನೆ ಭಾನುವಾರ ಕರಿಘಟ್ಟದ ಮೆಟ್ಟಿಲು ಹತ್ತಿ, ಮೇಲಿಂದ ವಿಡಿಯೋ ಕಾಲ್ ಮಾಡಿ, "ನಿನ್ ಕೈಲಿ ಆಯ್ತದೇನ್ಲಾ ಮೇಷ್ಟ್ರೇ" ಅಂತ ಕೆಣಕಿದ್ದ.
ನಿನ್ನೆ ರಾತ್ರಿ ಮಲಗಿದವನು ಏಳಲಿಲ್ಲ.
ಹಾರ್ಟ್ ಅಂತೆ.

ಪಾಂಡವಪುರದಲ್ಲಿ ಜೊತೆಗೆ ಪಿಯುಸಿ ಓದಿದವರಿಗೆ ಅವನು ಗೊತ್ತು. ಮಿಕ್ಕವರಿಗೆ ಹೇಳಬೇಕು...

ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆ ಹತ್ತಿರದ ಒಂದು ಹಳ್ಳಿ. ಅಲ್ಲಿನ ಹಾಲಿನ ಡೈರಿಗೆ ನಂಜ ಸೆಕ್ರೆಟರಿ.
ತೊಂಬತ್ತರ ದಶಕದಲ್ಲಿ ನನಗೂ ಅದೇ ಊರಿನ ಸ್ಕೂಲಿಗೆ ಪೋಸ್ಟಿಂಗ್ ಆಯಿತು.
ನಮ್ಮೂರು ಬಾಬುರಾಯನಕೊಪ್ಪಲಿನಿಂದ ಅವ್ವನನ್ನೂ ಕರೆದುಕೊಂಡು ಹೋಗಿ ಅಲ್ಲೇ ಮನೆ ಮಾಡಿದೆ.

ಒಮ್ಮೆ ಅವನು ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ.
ಪಕ್ಕೆಯಲ್ಲಿ ಮೊಳದುದ್ದ ಹೊಲಿಗೆ...
ಕಿಡ್ನಿ ಮಾರಿಕೊಳ್ಳುವವರ ಸುದ್ದಿ ಆಗ ಎಲ್ಲ ಕಡೆ ಹಬ್ಬಿತ್ತು. ಅದೇ ಹೊತ್ತಿಗೆ ಅವನ ಕೊಟ್ಟಿಗೆಗೆ ಸೀಮೆಹಸು ಬೇರೆ ಬಂತು.
ಊರು ತೀರ್ಮಾನ ಮಾಡಿಬಿಟ್ಟಿತು.
"ನಂಜ ಕಿಡ್ನಿ ಮಾರ್ಕಂಡು ಸೀಮೆ ಅಸ ತಂದವ್ನೆ."
ನಾನೂ ನಂಬಿದೆ. ಅವನು ಹೌದೂ ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ.

ಮರುವರ್ಷ ನನಗೆ ಮೂತ್ರದಲ್ಲಿ ರಕ್ತ ಬಂತು.
ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ...
"ಉಷ್ಣ ಕಣ್ಲಾ ಮಗ" ಅಂದಳು ಅವ್ವ. ನೆತ್ತಿಗೆ ಹರಳೆಣ್ಣೆ, ಕುಡಿಯಲು ಬಾರ್ಲಿ ನೀರು, ಎಳನೀರು.
ಎರಡು ದಿನಕ್ಕೆ ರಕ್ತ ನಿಂತಿತು. ಅವ್ವನಿಗೆ ಗೆದ್ದ ಖುಷಿ, ನನಗೂ ನಿರಾಳ.

ಡೈರಿಯಲ್ಲಿ ಮಾತಿನ ನಡುವೆ ಇದನ್ನು ಹೇಳಿದೆ. ನಂಜನ ಮುಖ ಸಪ್ಪಗಾಯಿತು.
"ಓಗಿ ಸ್ಕ್ಯಾನ್ ಮಾಡ್ಸ್ಲಾ" ಅಂದ. ನಕ್ಕುಬಿಟ್ಟೆ.
ಮಾರನೇ ದಿನವೂ ಅದನ್ನೇ ಅಂದ. ಆಗಲೂ ನಕ್ಕೆ.

ಆ ಸಂಜೆ ಮನೆಗೇ ಬಂದ.

ಇಲ್ಲೊಂದು ವಿಷಯ ತಿಳಿಸಬೇಕು... ಪದ್ಮಳಿಗೆ ಆಗ ನಾಗಮಂಗಲದಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ನಮ್ಮವ್ವನ ತವರಿನ ಕಡೆಯವನು. ಸಂಬಂಧ ಕೂಡಿಸಿದವಳೂ ಅವ್ವನೇ.

ಆ ಅವ್ವನ ಮುಂದೆಯೇ ಕೂತು ನಂಜ ಅಂಗಿ ಎತ್ತಿದ.

"ಮಾರ್ಕಂಡಿದ್ದಲ್ಲ ಕಣವ್ವ. ಕ್ಯಾನ್ಸರು. ಕಿಡ್ನೀಲಿ ಗೆಡ್ಡೆ ಇತ್ತು. ನಂಗೂ ಇಂಗೇ ನೋವಿಲ್ದೆ ರಕ್ತ ಬತ್ತಿತ್ತು, ನಿಂತೋಯ್ತಿತ್ತು. ನಾನೂ ಉಷ್ಣ ಅಂತ ಎಳ್ನೀರು ಕುಡ್ಕಂಡು ಕುಂತಿದ್ದೆ."

ಅವ್ವ ಬೆಪ್ಪಾದಳು.
ಆ ಕಾಯಿಲೆ ಮನೆತನಕ್ಕೇ ಅಂಟುತ್ತದೆ ಅಂತ ಜನ ಹೆದರುತ್ತಿದ್ದ ಕಾಲ. ಹೆಸರು ಹೊರಬಿದ್ದರೆ ತಂಗಿಯ ಮದುವೆ ನಿಲ್ಲುತ್ತದೆ ಅಂತಲೇ ಇವನು ಕಿಡ್ನಿ ಮಾರಿಕೊಂಡವನು ಅನ್ನಿಸಿಕೊಂಡು ಸುಮ್ಮನಿದ್ದದ್ದು...

"ಕತ್ತಿ ತಗುಲ್ಸುದ್ರೆ ಮೈಗೆಲ್ಲ ಅರಡ್ತದಂತಲ್ಲಪ್ಪ?" ಅಂದಳು ಅವ್ವ.

"ಅದು ಸುಳ್ಳು ಕಣವ್ವ. ಗೆಡ್ಡೆ ಕಿಡ್ನಿ ಒಳ್ಗೇ ಇರೋವಾಗ ಕಿಡ್ನಿ ಸಮೇತ ತೆಗ್ಯೋದೇ ಇದಕ್ಕೆ ಔಸ್ದಿ ಅಂದ್ರು ಡಾಕ್ಟ್ರು."

"ಕರೆಂಟು ಕೊಡ್ಲಿಲ್ವಾ?" ಅವ್ವ ಕೇಳಿದ್ದು ರೇಡಿಯೇಷನ್ ಬಗ್ಗೆ.

"ಕ್ಯಾನ್ಸರ್‌ಗೆಲ್ಲ ಕರೆಂಟು ಕೊಡ್ತಾರಲ್ಲ ಅಂತ ನಾನೂ ಕೇಳ್ದೆ. ಈ ಗೆಡ್ಡೆ ಕರೆಂಟಿಗೂ ಬಗ್ಗಲ್ವಂತೆ, ಡ್ರಿಪ್ಪಲ್ಲಿ ಕೊಡೋ ಔಸ್ದಿಗೂ ಅಷ್ಟಾಗಿ ಬಗ್ಗಲ್ವಂತೆ. ಇನ್ನೊಂದು ಕಿಡ್ನಿ ಚೆನ್ನಾಗೈತೆ, ಅದೊಂದೇ ಸಾಕು. ಇವ್ನದೂ ಅದೇ ಅಂತ ನಾನೇಳ್ತಿಲ್ಲ. ತೋರ್ಸಿ ಅಂತಿವ್ನಿ."

ಹೊರಡುವಾಗ ಅಂದ...
"ನಾಗಮಂಗ್ಲದೋರ್ಗೆ ಹೇಳ್ಬೇಕು ಅನ್ಸುದ್ರೆ ಹೇಳ್ಬುಡವ್ವ. ನಾನು ಬ್ಯಾಸ್ರ ಮಾಡ್ಕಳಲ್ಲ."

ಅವ್ವ ಹೇಳಿದಳು. ನಡುವೆ ನಿಂತವಳು, ಮುಚ್ಚಿಟ್ಟರೆ ನಾಳೆ ತನ್ನ ತಲೆಗೆ ಬರುತ್ತದೆ ಅಂತ ಹೆದರಿದಳು.
ಈ ವರ್ಷ ಮದುವೆ ಮಾಡುವ ಯೋಚನೆ ಇಲ್ಲ ಅಂತ ಅವರು ಹೇಳಿ ಕಳಿಸಿದರು.

ಅದೇ ವಾರ ಮೈಸೂರಿನಲ್ಲಿ ನನ್ನ ಸ್ಕ್ಯಾನ್ ಆಯಿತು.
ಕಲ್ಲು...
ನೋವೂ ಕೊಡದೆ ಕೂತಿದ್ದ ಒಂದು ಸಣ್ಣ ಕಲ್ಲು.

ನಂಜಾ... ಆ ರಿಪೋರ್ಟ್ ಹಿಡಿದು ನಿನ್ನ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ ಕಣ್ಲಾ.
ನೀನು ಹಾಲಿನ ಕ್ಯಾನು ಕೆಳಗಿಟ್ಟು, ಬಂದು ಬೆನ್ನಿಗೊಂದು ಗುದ್ದಿದೆ.
"ಕಲ್ಲಾ? ಚೆನ್ನಾಗಿ ನೀರ್ ಕುಡಿ" ಅಂದೆ. ಅಷ್ಟೇ...
ಕ್ಯಾನ್ಸರ್ ಸುದ್ದಿ ಕಿವಿಗೆ ಬಿದ್ದು ಊರವರು ಒಂದಷ್ಟು ದಿನ ನಿನ್ನ ಕೈಲಿ ಹಾಲು ಅಳೆಸಲು ಹಿಂದೇಟು ಹಾಕಿದರು. ಅದನ್ನೂ ನೀನು ನುಂಗಿಕೊಂಡೆ. ಮದುವೆಯ ಮಾತನ್ನಂತೂ ಯಾವತ್ತೂ ಎತ್ತಲಿಲ್ಲ.
ನಿನ್ನಂಥ ಗೆಳೆಯ ನನಗೆ ಮತ್ತೊಬ್ಬ ಸಿಗಲಿಲ್ಲ ಕಣ್ಲಾ. ತುಂಬಾ ಸಂಕಟ ಆಗುತ್ತಿದೆ.

ಫ್ರೆಂಡ್ಸ್... ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲವಲ್ಲ, ತಾನೇ ನಿಂತಿತಲ್ಲ ಅಂತ ಕೂರಬೇಡಿ.
ಕಲ್ಲೋ ಇನ್ಫೆಕ್ಷನ್ನೋ ಇರಬಹುದು. ಆದರೂ ತೋರಿಸಿ.
ಈಗ ಗೆಡ್ಡೆ ಚಿಕ್ಕದಿದ್ದರೆ ಎಷ್ಟೋ ಸಲ ಅಷ್ಟನ್ನೇ ತೆಗೆದು ಕಿಡ್ನಿ ಉಳಿಸುತ್ತಾರೆ. ಹರಡಿದ್ದರೂ ನಂಜನ ಕಾಲದಲ್ಲಿ ಇರದಿದ್ದ ಮಾತ್ರೆ, ಇಂಜೆಕ್ಷನ್ ಬಂದಿವೆ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರ ಹತ್ತಿರ ಕೂತು, ಸಂಕೋಚವಿಲ್ಲದೆ ಕೇಳಿ.
ನಂಜ ಒಂದೇ ಕಿಡ್ನಿಯಲ್ಲಿ ಇಷ್ಟು ವರ್ಷ ಹಸು ಸಾಕಿದ, ಮಕ್ಕಳನ್ನು ಓದಿಸಿದ. ಪದ್ಮಳನ್ನು ಶ್ರೀರಂಗಪಟ್ಟಣದ ಒಳ್ಳೆಯ ಮನೆಗೆ ಕೊಟ್ಟ.

ಬೆಳಿಗ್ಗೆ ಫೋನಿನಲ್ಲಿ ಅವಳಿಗೆ ಹೇಳಿದೆ... "ಅವತ್ತು ನನ್ನ ದೆಸೆಯಿಂದ ನಿನಗೆ ಅನ್ಯಾಯ ಆಯ್ತಮ್ಮ."

"ಬುಡಣ್ಣ" ಅಂದಳು. "ನಿಮ್ಮನೆಗೆ ಬರೋಕ್ ಮುಂಚೆ ಅಣ್ಣ ನನ್ನ ಕೇಳ್ತು, ಹೇಳ್ಲಾ ಬ್ಯಾಡ್ವಾ ಅಂತ. ಓಗಿ ಹೇಳು ಅಂತ ನಾನೇ ಕಳ್ಸಿದ್ದು."

ಫೋನ್ ಇಡುವ ಮುಂಚೆ ಅಂದಳು...

"ನಿಮ್ದು ಬರೀ ಕಲ್ಲು ಅಂತ ಗೊತ್ತಾಯ್ತಲ್ಲ, ಅವತ್ತು ನಮ್ಮನೇಲಿ ಪಾಯ್ಸ ಮಾಡಿದ್ದೋ ಕಣಣ್ಣ."

ಹೋಗಿ ಬಾ ನಂಜಾ...
ನಿನ್ನ ಜೀವ ಎಲ್ಲಿದ್ದರೂ ತಣ್ಣಗಿರಲಿ.
🙏